ಕೊಟ್ಟ ಲೆಕ್ಕ, ಕೇಳಿದ ಲೆಕ್ಕ

2021ರ ಮೇ ತಿಂಗಳಲ್ಲಿ ಲಂಡನ್ನಿನ ‘ಸಂಡೇ ಟೈಮ್ಸ್’ ಪತ್ರಿಕೆ ಬ್ರಿಟನ್ನಿನ ಕೊಡುಗೈ ದಾನಿಗಳ ಪಟ್ಟಿ ಪ್ರಕಟಿಸಿತು. ಮೊದಲ ಸ್ಥಾನದಲ್ಲಿ ಇದ್ದದ್ದು ಉದ್ಯಮಿಯಲ್ಲ, ಆಗಿನ್ನೂ 23ರ ಹರೆಯದ ಫುಟ್‌ಬಾಲ್ ಆಟಗಾರ ಮಾರ್ಕಸ್ ರಾಷ್‌ಫೋರ್ಡ್. ಅಷ್ಟು ಚಿಕ್ಕ ವಯಸ್ಸಿನವರು ಅದುವರೆಗೆ ಆ ಸ್ಥಾನಕ್ಕೆ ಏರಿರಲಿಲ್ಲ. ಅವರ ಲೆಕ್ಕಕ್ಕೆ ಪತ್ರಿಕೆ ಜಮಾ ಮಾಡಿದ್ದು 2 ಕೋಟಿ ಪೌಂಡ್. ಅಷ್ಟು ಆಸ್ತಿ ಅವರಿಗೇ ಇರಲಿಲ್ಲ. ಆ ಹಣದ ದೊಡ್ಡ ಪಾಲು ಅವರ ಮಾತಿಗೆ ಓಗೊಟ್ಟ ಸೂಪರ್‌ಮಾರ್ಕೆಟ್ ಕಂಪನಿಗಳಿಂದ ಬಂದದ್ದು. ಅಂದರೆ ಅವರನ್ನು ದಾನಿ ಎಂದು ಕರೆದು ಹಾರ ಹಾಕಿದ್ದೇ ಸ್ವಲ್ಪ ತಪ್ಪು ಲೆಕ್ಕ. ಆಟಗಾರರು ದುಡ್ಡು ಕೊಡುವುದು ಹೊಸದಲ್ಲ; ಆಸ್ಪತ್ರೆಗೋ ಅನಾಥಾಲಯಕ್ಕೋ ಚೆಕ್ ಕೊಟ್ಟು ಫೋಟೊ ತೆಗೆಸಿಕೊಂಡವರು ಎಲ್ಲ ದೇಶಗಳಲ್ಲೂ ಇದ್ದಾರೆ, ಅದರಿಂದ ಒಳ್ಳೆಯದೂ ಆಗಿದೆ. ರಾಷ್‌ಫೋರ್ಡ್ ಮಾಡಿದ್ದು ಬೇರೆ ಜಾತಿಯ ಕೆಲಸ. ಅವರು ಸರ್ಕಾರವನ್ನು ಕೇಳಿದರು. ಹೆಸರು ಹಿಡಿದು, ಮೊತ್ತ ಹೇಳಿ, ಗಡುವು ತೋರಿಸಿ ಕೇಳಿದರು. ಅವರ ಸಾಮಾಜಿಕ ಕೆಲಸಕ್ಕೆ ಬೆಲೆ ಕಟ್ಟುವುದಾದರೆ ಕಟ್ಟಬೇಕಾದದ್ದು ಈ ಕೇಳಿಕೆಗೆ ಎಂಬುದು ನನ್ನ ವಾದ.

ಕೇಳುವ ಅಧಿಕಾರ ಎಲ್ಲಿಂದ ಬಂತು ಎಂಬುದಕ್ಕೆ ಅವರ ಬಾಲ್ಯವನ್ನು ನೋಡಬೇಕು. 1997ರ ಅಕ್ಟೋಬರ್ 31ರಂದು ಮ್ಯಾಂಚೆಸ್ಟರ್‌ನಲ್ಲಿ ಹುಟ್ಟಿದ ರಾಷ್‌ಫೋರ್ಡ್ ಬೆಳೆದದ್ದು ವಿಥೆನ್‌ಶಾ ಎಂಬ ಬಡಾವಣೆಯಲ್ಲಿ, ದುಡಿಯುವ ವರ್ಗದವರೇ ಹೆಚ್ಚಾಗಿರುವ ಕಡೆ. ಐವರು ಮಕ್ಕಳನ್ನು ತಾಯಿಯೊಬ್ಬರೇ ಸಾಕಿದರು. ಕನಿಷ್ಠ ಕೂಲಿಗೆ ದಿನವಿಡೀ ದುಡಿದರೂ, ಒಂದರ ಮೇಲೊಂದು ಕೆಲಸ ಹಿಡಿದರೂ ಎಲ್ಲರಿಗೂ ರಾತ್ರಿ ಊಟ ಖಾತ್ರಿ ಇರುತ್ತಿರಲಿಲ್ಲ. ಬೆಳಿಗ್ಗೆ ಶಾಲೆಯ ಉಪಾಹಾರ, ಮಧ್ಯಾಹ್ನ ಶಾಲೆಯ ಉಚಿತ ಊಟ, ಸಂಜೆ ಅಕ್ಕಪಕ್ಕದವರ ಮತ್ತು ಕೋಚ್‌ಗಳ ಔದಾರ್ಯ; ಹಬ್ಬದ ಊಟಕ್ಕೆ ಫುಡ್ ಬ್ಯಾಂಕಿನ ಸರತಿ. ಐದನೇ ವಯಸ್ಸಿಗೆ ಫ್ಲೆಚರ್ ಮಾಸ್ ರೇಂಜರ್ಸ್ ಎಂಬ ಸ್ಥಳೀಯ ತಂಡ, ಏಳಕ್ಕೆ ಮ್ಯಾಂಚೆಸ್ಟರ್ ಯುನೈಟೆಡ್‌ನ ಅಕಾಡೆಮಿ. ಕ್ಲಬ್ಬೇ ವಸತಿ ಕೊಟ್ಟು ಓದಿಸುವ ಯೋಜನೆಗೆ ಸಾಮಾನ್ಯಕ್ಕಿಂತ ಚಿಕ್ಕ ವಯಸ್ಸಿನಲ್ಲೇ ಅವರನ್ನು ಸೇರಿಸಿಕೊಳ್ಳಲಾಯಿತು. ಆ ಹುಡುಗನಿಗೆ ಮನೆಯಿಂದ ಬೇಗ ಹೊರಗೆ ಹೋಗುವುದೆಂದರೆ ಹೊತ್ತು ಹೊತ್ತಿಗೆ ಊಟ ಸಿಗುವುದು ಎಂಬ ಅರ್ಥವೂ ಇತ್ತು.

ಆಟದ ಆರಂಭ ಕಥೆಯಂತಿತ್ತು. 2016ರ ಫೆಬ್ರುವರಿ 25ರಂದು ಯುರೋಪಾ ಲೀಗ್‌ನ ಪಂದ್ಯಕ್ಕೆ ಮುಂಚೆ ಮೈ ಬಿಸಿ ಮಾಡಿಕೊಳ್ಳುವಾಗ ಆಂಟನಿ ಮಾರ್ಶಿಯಾಲ್ ಗಾಯಗೊಂಡರು. ಆ ಜಾಗಕ್ಕೆ ಬಂದ 18ರ ಹುಡುಗ ಡೆನ್ಮಾರ್ಕಿನ ಮಿಡ್‌ಜಿಲಾಂಡ್ ವಿರುದ್ಧ ಎರಡು ಗೋಲು ಹೊಡೆದ. ಮೂರು ದಿನಕ್ಕೆ ಆರ್ಸೆನಲ್ ವಿರುದ್ಧ ಮತ್ತೆರಡು. ಮಾರ್ಚ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ಎದುರು ಗೆಲುವಿನ ಗೋಲು. ಮೇ ತಿಂಗಳಲ್ಲಿ ಇಂಗ್ಲೆಂಡ್ ಪರ ಮೊದಲ ಪಂದ್ಯದ ಮೂರನೇ ನಿಮಿಷದಲ್ಲೇ ಗೋಲು. ಆಮೇಲೆ ಎಫ್‌ಎ ಕಪ್, ಲೀಗ್ ಕಪ್, ಯುರೋಪಾ ಲೀಗ್ ಎಲ್ಲವೂ ಕೈಗೆ ಬಂದವು. 2020ರ ಜನವರಿಯಲ್ಲಿ ಬೆನ್ನುಮೂಳೆಗೆ ಪೆಟ್ಟಾಗಿ ಮೈದಾನದಿಂದ ಹೊರಗುಳಿದರು. ಚೇತರಿಸಿಕೊಳ್ಳುತ್ತಿರುವಾಗಲೇ ಕೋವಿಡ್ ಬಂದು ಬ್ರಿಟನ್ನಿನ ಶಾಲೆಗಳು ಬಾಗಿಲು ಹಾಕಿದವು.

ಶಾಲೆ ಮುಚ್ಚಿದರೆ ಶಾಲೆಯ ಊಟವೂ ಇಲ್ಲ ಎಂಬುದು ಹಸಿದು ಗೊತ್ತಿದ್ದವರಿಗೆ ಮೊದಲು ಹೊಳೆಯುತ್ತದೆ. ಇಂಗ್ಲೆಂಡಿನಲ್ಲಿ ಸುಮಾರು 13 ಲಕ್ಷ ಮಕ್ಕಳು ಆಗ ಉಚಿತ ಊಟಕ್ಕೆ ಅರ್ಹರಾಗಿದ್ದರು. ಮಿಕ್ಕುಳಿದ ಆಹಾರವನ್ನು ಅಂಗಡಿ, ಗೋದಾಮುಗಳಿಂದ ಸಂಗ್ರಹಿಸಿ ಹಂಚುವ ಫೇರ್‌ಶೇರ್ ಎಂಬ ಸಂಸ್ಥೆಯ ಜೊತೆ ರಾಷ್‌ಫೋರ್ಡ್ ಕೈಜೋಡಿಸಿದರು. ಮ್ಯಾಂಚೆಸ್ಟರ್ ಸುತ್ತಮುತ್ತ ಶುರುವಾದ ಕೆಲಸ ದೇಶಕ್ಕೆ ಹಬ್ಬಿತು. ಹಣ ಮತ್ತು ಆಹಾರ ಸೇರಿ 2 ಕೋಟಿ ಪೌಂಡ್ ಮುಟ್ಟಿತು. ಇಲ್ಲಿಗೇ ನಿಲ್ಲಿಸಿದ್ದರೆ ಅವರು ಒಬ್ಬ ಒಳ್ಳೆಯ ದಾನಿ, ಅಷ್ಟೆ. ಶಾಲಾ ಅವಧಿಯಲ್ಲಿ ಸರ್ಕಾರ ಊಟದ ಬದಲಿಗೆ ಮಗುವೊಂದಕ್ಕೆ ವಾರಕ್ಕೆ 15 ಪೌಂಡ್‌ನ ಕೂಪನ್ ಕೊಡುತ್ತಿತ್ತು. ಬೇಸಿಗೆ ರಜೆ ಬಂದರೆ ಅದು ನಿಲ್ಲುತ್ತದೆ ಎಂದು ಹೇಳಿತ್ತು. 2020ರ ಜೂನ್ 15ರಂದು ರಾಷ್‌ಫೋರ್ಡ್ ಸಂಸತ್ತಿನ ಎಲ್ಲ ಸದಸ್ಯರಿಗೆ ಬಹಿರಂಗ ಪತ್ರ ಬರೆದರು. ತಮ್ಮ ಮನೆಯ ಬಡತನವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ತಾಯಿ ಎಷ್ಟೇ ದುಡಿದರೂ ತಮ್ಮಂಥ ಕುಟುಂಬ ಮೇಲೆ ಬರಲಿ ಎಂದು ಈ ವ್ಯವಸ್ಥೆ ಕಟ್ಟಿದ್ದಲ್ಲ ಎಂದರು. ತೀರ್ಮಾನ ಬದಲಿಸಿ ಎಂದು ನೇರವಾಗಿ ಕೇಳಿದರು. ಮಾರನೇ ದಿನವೇ ಸರ್ಕಾರ ಮಣಿಯಿತು. ಆರು ವಾರದ ರಜೆಗೆ 12 ಕೋಟಿ ಪೌಂಡ್ ತೆಗೆದಿಟ್ಟಿತು.

ಲೆಕ್ಕವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಕಂಪನಿಗಳು, ಅಭಿಮಾನಿಗಳು, ಸಂಸ್ಥೆಗಳು ಸೇರಿ ಕೂಡಿಸಿದ್ದು 2 ಕೋಟಿ. ಒಂದು ಪತ್ರ ಒಂದು ದಿನದಲ್ಲಿ ಸರ್ಕಾರದ ಖಜಾನೆಯಿಂದ ಹೊರಡಿಸಿದ್ದು ಅದರ ಆರು ಪಟ್ಟು. ಮೊತ್ತಕ್ಕಿಂತಲೂ ಮುಖ್ಯ ವ್ಯತ್ಯಾಸ ಇನ್ನೊಂದಿದೆ. ಫೇರ್‌ಶೇರ್‌ನ ಪೊಟ್ಟಣ ಸಿಗುವುದು ಅದು ತಲುಪುವ ಊರಿನ ಮಗುವಿಗೆ. ಸರ್ಕಾರದ ಕೂಪನ್ ಅರ್ಹತೆ ಇರುವ ಪ್ರತಿ ಮಗುವಿಗೂ, ಆ ಮಗು ಯಾವ ಮೂಲೆಯಲ್ಲಿದ್ದರೂ. ದಾನಕ್ಕೆ ಇಂಥ ವ್ಯಾಪ್ತಿ ಎಂದೂ ಬರುವುದಿಲ್ಲ. ಬ್ರಿಟನ್ ಕೂಡ ಇದನ್ನು ಬಹಳ ಹಿಂದೆಯೇ ಒಪ್ಪಿಕೊಂಡಿತ್ತು: ಬಡ ಮಕ್ಕಳಿಗೆ ಊಟ ಹಾಕಲು ಸ್ಥಳೀಯ ಆಡಳಿತಗಳಿಗೆ ಅಧಿಕಾರ ಕೊಟ್ಟ ಕಾಯ್ದೆ ಬಂದದ್ದು 1906ರಲ್ಲಿ. ನೂರು ವರ್ಷಕ್ಕೂ ಹಳೆಯ ಆ ಒಪ್ಪಂದದಲ್ಲಿ ರಜೆಯ ದಿನಗಳ ಹಸಿವು ಮಾತ್ರ ಲೆಕ್ಕಕ್ಕೆ ಬಂದಿರಲಿಲ್ಲ.

ಅಕ್ಟೋಬರ್‌ನಲ್ಲಿ ಅದೇ ಪ್ರಶ್ನೆ ಮತ್ತೆ ಎದ್ದಿತು. ರಜೆಗಳಲ್ಲೂ ಊಟದ ನೆರವು ಮುಂದುವರಿಸಬೇಕು ಎಂದು ವಿರೋಧ ಪಕ್ಷವಾದ ಲೇಬರ್ ತಂದ ನಿರ್ಣಯ 21ರಂದು ಕೆಳಮನೆಯಲ್ಲಿ 261ಕ್ಕೆ ಎದುರಾಗಿ 322 ಮತಗಳಿಂದ ಬಿದ್ದುಹೋಯಿತು. ಆಮೇಲಿನ ದಿನಗಳಲ್ಲಿ ನಡೆದದ್ದು ನೋಡುವಂತಿತ್ತು. ಸ್ವತಃ ಲಾಕ್‌ಡೌನ್‌ನಿಂದ ನೆಲಕಚ್ಚಿದ್ದ ಸಣ್ಣ ಕೆಫೆಗಳು, ಮೀನು-ಚಿಪ್ಸ್ ಅಂಗಡಿಗಳು, ಊರಿನ ಕೌನ್ಸಿಲ್‌ಗಳು ರಜೆಯಲ್ಲಿ ಮಕ್ಕಳಿಗೆ ಊಟ ಕೊಡುತ್ತೇವೆ ಎಂದು ಮುಂದೆ ಬಂದವು. ರಾಷ್‌ಫೋರ್ಡ್ ತಮ್ಮ ಟ್ವಿಟರ್ ಖಾತೆಯಲ್ಲಿ ಗಂಟೆಗಟ್ಟಲೆ ಒಂದೊಂದನ್ನೇ ಹಂಚಿಕೊಂಡರು, ಬಂಧುವೊಬ್ಬ ಮದುವೆ ಮನೆಯ ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ಹೆಸರು ಹಿಡಿದು ಒಳಗೆ ಕರೆದ ಹಾಗೆ. ಅವರ ಮನವಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಎದುರು ಮತ ಹಾಕಿದ ಸಂಸದರನ್ನು ಅಭಿಮಾನಿಗಳು ಹೀಯಾಳಿಸಲು ಹೊರಟಾಗ, ಬೈಗುಳ ಬೇಡ ಎಂದು ತಡೆದವರೂ ಅವರೇ. ನವೆಂಬರ್ 8ರಂದು ಪ್ರಧಾನಿ ಬೋರಿಸ್ ಜಾನ್ಸನ್ ತೀರ್ಮಾನ ಬದಲಾದ ಸುದ್ದಿಯನ್ನು ಅವರಿಗೆ ಫೋನ್ ಮಾಡಿ ತಿಳಿಸಿದ್ದು ಹೊರಬಿತ್ತು. ಚಳಿಗಾಲದಲ್ಲಿ ಬಡ ಕುಟುಂಬಗಳ ಆಹಾರ ಮತ್ತು ಬಿಲ್ಲುಗಳಿಗೆಂದು 17 ಕೋಟಿ, ಮುಂದಿನ ವರ್ಷದ ರಜೆಗಳಲ್ಲಿ ಮಕ್ಕಳಿಗೆ ಊಟ ಮತ್ತು ಚಟುವಟಿಕೆಗೆಂದು 22 ಕೋಟಿ ಪೌಂಡ್ ಘೋಷಣೆಯಾಯಿತು.

ಇದಕ್ಕೆ ಬಂದ ಆಕ್ಷೇಪಗಳಲ್ಲಿ ಮೊದಲನೆಯದು ಆಡಳಿತ ಪಕ್ಷದ ಬೆಂಚುಗಳಿಂದ ಬಂತು: ಮಕ್ಕಳಿಗೆ ಉಣಿಸುವುದು ಹೆತ್ತವರ ಹೊಣೆ, ಸರ್ಕಾರದ್ದಲ್ಲ, ಬಡವರಿಗೆ ಕೊಡುವ ಯೂನಿವರ್ಸಲ್ ಕ್ರೆಡಿಟ್ ಭತ್ಯೆಯನ್ನು ವಾರಕ್ಕೆ 20 ಪೌಂಡ್ ಹೆಚ್ಚಿಸಿದ್ದೇವಲ್ಲ, ಅದರಲ್ಲೇ ನಿಭಾಯಿಸಲಿ. ತಳ್ಳಿಹಾಕುವಂಥ ವಾದವೇನಲ್ಲ ಇದು. ಎಲ್ಲವನ್ನೂ ಸರ್ಕಾರದ ತಲೆಗೆ ಕಟ್ಟಿದರೆ ಕುಟುಂಬ ಕೈಕಟ್ಟಿ ಕೂರುತ್ತದೆ ಎಂಬ ಆತಂಕ ನಮ್ಮಲ್ಲೂ ಇದೆ, ಪ್ರತಿ ಉಚಿತ ಯೋಜನೆ ಬಂದಾಗಲೂ ಕೇಳಿಬರುತ್ತದೆ. ಆದರೆ ಈ ವಾದ ನಿಂತಿರುವುದು ಹೆತ್ತವರು ದುಡಿಯುತ್ತಿಲ್ಲ ಎಂಬ ನಂಬಿಕೆಯ ಮೇಲೆ. ಬ್ರಿಟನ್ನಿನಲ್ಲಿ ಬಡತನದಲ್ಲಿರುವ ಮಕ್ಕಳ ಪೈಕಿ ಬಹುಪಾಲಿನವರ ಮನೆಯಲ್ಲಿ ಒಬ್ಬರಾದರೂ ಕೆಲಸಕ್ಕೆ ಹೋಗುವವರಿದ್ದಾರೆ. ಕೈ ಕೆಸರಾದರೂ ಬಾಯಿ ಮೊಸರಾಗದ ಮನೆಗಳು ಇವು, ರಾಷ್‌ಫೋರ್ಡ್ ತಾಯಿಯ ಮನೆಯೂ ಅಂಥದ್ದೇ. ಮೇಲಾಗಿ, ಯಾವ 20 ಪೌಂಡ್ ತೋರಿಸಿ ಊಟ ಬೇಡವೆಂದರೋ ಅದನ್ನು 2021ರ ಅಕ್ಟೋಬರ್‌ನಲ್ಲಿ ಸರ್ಕಾರವೇ ವಾಪಸ್ ತೆಗೆದುಕೊಂಡಿತು. ಬಡವರ ಕೈಗೆ ದುಡ್ಡು ಕೊಟ್ಟರೆ ದುರುಪಯೋಗ ಆಗುತ್ತದೆ ಎನ್ನುವವರಿಗೆ ಉತ್ತರ ಸಿಕ್ಕಿದ್ದು 2021ರ ಜನವರಿಯಲ್ಲಿ. ಶಾಲೆಗಳು ಮತ್ತೆ ಮುಚ್ಚಿದಾಗ ಕೆಲವು ಕಡೆ ಕೂಪನ್ ಬದಲು ಖಾಸಗಿ ಗುತ್ತಿಗೆದಾರರು ದಿನಸಿ ಪೊಟ್ಟಣ ಕೊಟ್ಟರು. ಅಂಥದ್ದೊಂದು ಪೊಟ್ಟಣವನ್ನು ತಾಯಿಯೊಬ್ಬರು ನೆಲದ ಮೇಲೆ ಹರಡಿ ಫೋಟೊ ತೆಗೆದು ಹಾಕಿದರು: ಒಂದು ಬ್ರೆಡ್ಡು, ಒಂದು ಡಬ್ಬಿ ಬೀನ್ಸ್, ಎರಡು ಆಲೂಗಡ್ಡೆ, ಎರಡು ಕ್ಯಾರೆಟ್, ಒಂದು ಟೊಮೆಟೊ, ಮೂರು ಸೇಬು, ಎರಡು ಬಾಳೆಹಣ್ಣು, ಒಂದಿಷ್ಟು ಚೀಸ್ ಮತ್ತು ಪಾಸ್ತಾ, ಮಕ್ಕಳ ತಿಂಡಿ ಎರಡು ಮೂರು. ಇದು 30 ಪೌಂಡ್ ಕೂಪನ್‌ಗೆ ಬದಲು, ಹತ್ತು ದಿನಕ್ಕೆ ಎಂದು ಆಕೆ ಬರೆದರು; ಅಂಗಡಿಯ ಬೆಲೆಯಲ್ಲಿ ಐದು ಪೌಂಡ್ ಚಿಲ್ಲರೆ ಆಗುತ್ತದೆ ಎಂದು ಲೆಕ್ಕ ಹಾಕಿದರು. ಕಂಪನಿ ಅದು ಐದು ದಿನದ ಪೊಟ್ಟಣ, ಬೆಲೆ ಹತ್ತೂವರೆ ಪೌಂಡ್ ಎಂದು ಸಮಜಾಯಿಷಿ ಕೊಟ್ಟು ಕ್ಷಮೆ ಕೇಳಿತು. ಐದು ದಿನಕ್ಕೇ ಆದರೂ ಎರಡು ಕ್ಯಾರೆಟ್ಟು. ಆ ಚಿತ್ರವನ್ನು ರಾಷ್‌ಫೋರ್ಡ್ ಹಂಚಿಕೊಂಡು ಸರ್ಕಾರದ ಮುಂದಿಟ್ಟರು. ದುಡ್ಡನ್ನು ಸೋರದಂತೆ ಬಳಸುವ ವಿದ್ಯೆ ಯಾರಿಗೆ ಗೊತ್ತಿತ್ತು ಎಂಬುದನ್ನು ಆ ಫೋಟೊ ಹೇಳಿತು.

ಎರಡನೆಯ ಆಕ್ಷೇಪ ಹೆಚ್ಚು ಜನಪ್ರಿಯ: ಆಟಗಾರ ಆಟ ಆಡಿಕೊಂಡಿರಲಿ. 2021ರ ಜುಲೈ 11ರಂದು ಯುರೋ ಫೈನಲ್‌ನಲ್ಲಿ ರಾಷ್‌ಫೋರ್ಡ್ ಹೊಡೆದ ಪೆನಾಲ್ಟಿ ಕಂಬಕ್ಕೆ ತಾಗಿ ಹೊರಹೋಯಿತು, ಇಂಗ್ಲೆಂಡ್ ಇಟಲಿಗೆ ಸೋತಿತು. ಪೆನಾಲ್ಟಿ ತಪ್ಪಿಸಿಕೊಂಡ ಮೂವರು ಕಪ್ಪು ಆಟಗಾರರ ಮೇಲೆ ಜನಾಂಗೀಯ ನಿಂದನೆಯ ಮಳೆ ಸುರಿಯಿತು. ಮ್ಯಾಂಚೆಸ್ಟರ್‌ನ ವಿದಿಂಗ್‌ಟನ್‌ನಲ್ಲಿ ಗೋಡೆಯ ಮೇಲಿದ್ದ ರಾಷ್‌ಫೋರ್ಡ್ ಚಿತ್ರಕ್ಕೆ ಯಾರೋ ಮಸಿ ಬಳಿದರು, ಊರಿನವರು ಅದರ ಮೇಲೆ ಪ್ರೀತಿಯ ಚೀಟಿಗಳನ್ನು ಅಂಟಿಸಿ ಮುಚ್ಚಿದರು. ರಾಜಕೀಯ ಬಿಟ್ಟು ಆಟ ತಿದ್ದಿಕೊಳ್ಳಬಹುದಿತ್ತಲ್ಲ ಎಂಬ ಧಾಟಿಯಲ್ಲಿ ಆಡಳಿತ ಪಕ್ಷದ ಸಂಸದೆಯೊಬ್ಬರು ಖಾಸಗಿ ಗುಂಪಿನಲ್ಲಿ ಬರೆದದ್ದು ಬಯಲಾಗಿ, ಕ್ಷಮೆ ಕೇಳಬೇಕಾಯಿತು. ಈ ಆಕ್ಷೇಪವನ್ನು ಅಂಕಿಅಂಶಗಳೇ ಹೊಡೆದುಹಾಕುತ್ತವೆ. ಅವರು ಸರ್ಕಾರದೊಂದಿಗೆ ಹೆಚ್ಚು ಗುದ್ದಾಡಿದ 2020–21ರ ಋತುವಿನಲ್ಲಿ 57 ಪಂದ್ಯಗಳಲ್ಲಿ 21 ಗೋಲು ಹೊಡೆದಿದ್ದಾರೆ. ಸಂಸತ್ತಿನಲ್ಲಿ ಮತ ಹಾಕುವ ಹಿಂದಿನ ರಾತ್ರಿ ಪ್ಯಾರಿಸ್‌ನಲ್ಲಿ ಪಿಎಸ್‌ಜಿ ವಿರುದ್ಧ ಕೊನೆಗಳಿಗೆಯ ಗೆಲುವಿನ ಗೋಲು ಅವರದು. ಮತ ಸೋತ ಒಂದು ವಾರಕ್ಕೆ ಲೈಪ್‌ಜಿಗ್ ವಿರುದ್ಧ ಬದಲಿ ಆಟಗಾರನಾಗಿ ಇಳಿದು ಹ್ಯಾಟ್ರಿಕ್ ಬಾರಿಸಿದರು. ಮುಂದೆ ಆಟ ಕುಸಿದದ್ದು ನಿಜ: 2021–22ರಲ್ಲಿ ಬರೀ ಐದು ಗೋಲು, ಭುಜದ ಶಸ್ತ್ರಚಿಕಿತ್ಸೆ. ಮರುವರ್ಷ 30 ಗೋಲು ಹೊಡೆದು ವೃತ್ತಿಜೀವನದಲ್ಲೇ ಅತ್ಯುತ್ತಮ ಸಾಧನೆ. ಮತ್ತೆ ಕುಸಿತ, 2024ರ ಜನವರಿಯಲ್ಲಿ ಶಿಸ್ತಿನ ತಕರಾರು, ಅದೇ ಡಿಸೆಂಬರ್‌ನಲ್ಲಿ ಹೊಸ ಕೋಚ್ ರೂಬೆನ್ ಅಮೊರಿಮ್ ತಂಡದಿಂದಲೇ ಕೈಬಿಟ್ಟದ್ದು. ಆಟದ ಏರಿಳಿತಕ್ಕೆ ಗಾಯ, ಕೋಚ್‌ಗಳ ಬದಲಾವಣೆ, ಅವರದೇ ಅಶಿಸ್ತು ಕಾರಣವಿರಬಹುದು. ಮಕ್ಕಳ ಊಟವನ್ನು ಈ ಪಟ್ಟಿಗೆ ಸೇರಿಸಲು ಆಧಾರವಿಲ್ಲ. ಆ ಶಿಸ್ತಿನ ವಿಷಯದಲ್ಲಿ ಕ್ಲಬ್ಬಿನ ಟೀಕೆ ನ್ಯಾಯವಾದದ್ದೇ ಎಂದುಕೊಂಡರೂ ಅದು 2020ರ ಪತ್ರದ ತೂಕವನ್ನು ಕಡಿಮೆ ಮಾಡುವುದಿಲ್ಲ. ಕೇಳಿಕೆ ಸರಿಯೋ ತಪ್ಪೋ ಎಂಬುದಕ್ಕೆ ಕೇಳಿದವನು ಸಂತನಾಗಿರಬೇಕಿಲ್ಲ.

ಇನ್ನು, ಎಲ್ಲವೂ ಪ್ರಚಾರಕ್ಕಾಗಿ ಎಂಬ ಮಾತು. 2020ರ ವಸಂತದಿಂದ ಅವರ ವ್ಯವಹಾರ ನೋಡಿಕೊಳ್ಳುತ್ತಿದ್ದದ್ದು ಅಮೆರಿಕದ ಗಾಯಕ ಜೇ-ಜೀ ಕಟ್ಟಿದ ರಾಕ್ ನೇಷನ್ ಸಂಸ್ಥೆ. ಬರ್ಬರಿಯಂಥ ದುಬಾರಿ ಬಟ್ಟೆಯ ಕಂಪನಿ ಜೊತೆ ಒಪ್ಪಂದವಾಯಿತು. ಸಮಾಜಸೇವೆಯಿಂದ ಅವರಿಗೆ ಎಷ್ಟು ಲಾಭವಾಯಿತು ಎಂದು ‘ಸ್ಪೆಕ್ಟೇಟರ್’ ವಾರಪತ್ರಿಕೆ ಬರೆಯಲು ಹೊರಟಾಗ ರಾಷ್‌ಫೋರ್ಡ್ ತಾವೇ ಮುಂಚಿತವಾಗಿ ಬಹಿರಂಗವಾಗಿ ಉತ್ತರಿಸಿದರು: ಬ್ರ್ಯಾಂಡುಗಳ ಜೊತೆ ಸೇರುವುದು ಮೈದಾನದ ಹೊರಗಿನ ಕೆಲಸ ಮುಂದುವರಿಸಲಿಕ್ಕೆ, ಬರುವ ಶುಲ್ಕದ ಹೆಚ್ಚಿನ ಭಾಗ ಅದಕ್ಕೇ ಹೋಗುತ್ತದೆ ಎಂದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮರ್ಯಾದೆಯಲ್ಲಿ ಬೆಳೆದ ನಮಗೆ ಇದು ಇರುಸುಮುರುಸು ಅನ್ನಿಸಬಹುದು. ಆದರೆ ಆ ಮರ್ಯಾದೆ ದಾನಕ್ಕೆ ಹೇಳಿದ್ದು. ಸರ್ಕಾರವನ್ನು ಗುಟ್ಟಾಗಿ ಕೇಳಿ ಪ್ರಯೋಜನವಿಲ್ಲ. ಅಲ್ಲಿ ಪ್ರಚಾರವೇ ಕೆಲಸದ ಉಪಕರಣ. ಅವರ ಓದಿನ ಹುಚ್ಚನ್ನೂ ಇದೇ ಅನುಮಾನದಿಂದ ನೋಡಿದವರಿದ್ದಾರೆ. ತಾನು ಪುಸ್ತಕ ಹಿಡಿದದ್ದು 17ನೇ ವಯಸ್ಸಿಗೆ, ಮನೆಯ ಖರ್ಚಿನಲ್ಲಿ ಪುಸ್ತಕಕ್ಕೆ ಜಾಗವೇ ಇರಲಿಲ್ಲ ಎಂದು ರಾಷ್‌ಫೋರ್ಡ್ ಹೇಳಿಕೊಂಡಿದ್ದಾರೆ. ಮ್ಯಾಕ್‌ಮಿಲನ್ ಪ್ರಕಾಶನದ ಜೊತೆ ಮಕ್ಕಳಿಗಾಗಿ ಪುಸ್ತಕ ಕ್ಲಬ್ ಶುರುಮಾಡಿದರು; ಕಾರ್ಲ್ ಅಂಕಾ ಜೊತೆ ಬರೆದ ‘ಯೂ ಆರ್ ಎ ಚಾಂಪಿಯನ್’ 2022ರಲ್ಲಿ ಬ್ರಿಟಿಷ್ ಬುಕ್ ಅವಾರ್ಡ್ಸ್‌ನ ವರ್ಷದ ಪುಸ್ತಕವಾಯಿತು. ಅವರ ಮನಸ್ಸಿನಲ್ಲಿ ಕೀರ್ತಿಯ ಆಸೆ ಎಷ್ಟು, ಕಾಳಜಿ ಎಷ್ಟು ಎಂದು ಅಳೆಯುವ ತಕ್ಕಡಿ ಯಾರ ಬಳಿಯೂ ಇಲ್ಲ. ಕೂಪನ್ ತಲುಪಿತೇ, ಪುಸ್ತಕ ಕೈ ಸೇರಿತೇ ಎಂಬುದನ್ನು ಅಳೆಯಬಹುದು.

ನನಗೆ ನಿಜವಾಗಿ ಕಷ್ಟಕೊಡುವ ಆಕ್ಷೇಪ ಇನ್ನೊಂದಿದೆ. ಒಬ್ಬ ತಾರೆ ಬರೆದರೆ 24 ಗಂಟೆಯಲ್ಲಿ ಮಣಿಯುವ ಸರ್ಕಾರ, ಯಾರೂ ಬರೆಯದಿದ್ದರೆ? ಮಗುವಿನ ಊಟ ಆಟಗಾರನ ಜನಪ್ರಿಯತೆಯ ಮೇಲೆ ನಿಲ್ಲುವುದು ಯಾವ ಬಗೆಯ ಪ್ರಜಾಪ್ರಭುತ್ವ? ರಾಷ್‌ಫೋರ್ಡ್‌ಗಿಂತ ಮೊದಲೇ ಫುಡ್ ಫೌಂಡೇಶನ್, ಚೈಲ್ಡ್ ಪಾವರ್ಟಿ ಆ್ಯಕ್ಷನ್ ಗ್ರೂಪ್‌ನಂಥ ಸಂಸ್ಥೆಗಳು ವರ್ಷಗಟ್ಟಲೆ ಇದೇ ಮಾತು ಆಡಿದ್ದವು. 2020ರ ಬೇಸಿಗೆ ರಜೆಯ ಊಟಕ್ಕಾಗಿ ಲಂಡನ್ನಿನ ಶಾಲಾ ಹುಡುಗಿಯೊಬ್ಬಳು ಸಹಿ ಸಂಗ್ರಹಿಸಿದ್ದಳು. ಕೋರ್ಟಿಗೆ ಹೋಗುತ್ತೇವೆ ಎಂದು ಸಂಘಟನೆಗಳು ನೋಟಿಸ್ ಕೊಟ್ಟಿದ್ದವು. ಗೆದ್ದದ್ದು ಮಾತ್ರ ಆಟಗಾರನ ಪತ್ರ. ಇಲ್ಲಿ ನಮ್ಮ ದೇಶದ ಅನುಭವವನ್ನು ಪಕ್ಕದಲ್ಲಿಡುವುದು ಉಪಯುಕ್ತ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕೆಂದು ರಾಜ್ಯಗಳಿಗೆ ಆದೇಶಿಸಿತು. ಕರ್ನಾಟಕದ ಅಕ್ಷರ ದಾಸೋಹ ಬಂದದ್ದು ಅದರ ಬೆನ್ನಿಗೆ. 2013ರ ಆಹಾರ ಭದ್ರತಾ ಕಾಯ್ದೆ ಅದನ್ನು ಮಕ್ಕಳ ಹಕ್ಕಾಗಿ ಬರೆಯಿತು. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಬಿಸಿಯೂಟದ ಗತಿಯೇನು ಎಂದು ಸುಪ್ರೀಂ ಕೋರ್ಟ್ ತಾನಾಗಿಯೇ ಕೇಳಿತು, ಯಾವ ಕ್ರಿಕೆಟಿಗನೂ ಪತ್ರ ಬರೆಯಬೇಕಾಗಲಿಲ್ಲ. ಹಾಗೆಂದು ಬೀಗುವಂತಿಲ್ಲ: ನಮ್ಮ ಕಾಯ್ದೆಯೂ ಶಾಲಾ ರಜೆಗಳನ್ನು ಹೊರಗಿಟ್ಟೇ ಬರೆದದ್ದು. ಬರ ಬಿದ್ದ ಕಡೆ ಬೇಸಿಗೆ ರಜೆಯಲ್ಲೂ ಊಟ ಕೊಡಿ ಎಂದು 2004ರಲ್ಲಿ ಕೋರ್ಟೇ ಹೇಳಬೇಕಾಯಿತು. 2024ರ ಬರದಲ್ಲಿ ನಮ್ಮ ಬರಪೀಡಿತ ತಾಲ್ಲೂಕುಗಳ ಶಾಲೆಗಳು ರಜೆಯಲ್ಲೂ ಬಿಸಿಯೂಟಕ್ಕೆ ಒಲೆ ಹಚ್ಚಿದವು. ಹಕ್ಕು ಕಾಯ್ದೆಯಲ್ಲಿದ್ದರೆ ಕೇಳಲು ತಾರೆ ಬೇಕಾಗುವುದಿಲ್ಲ. ಬ್ರಿಟನ್ನಿನಲ್ಲಿ ರಜೆಯ ಊಟದ ಮಾತು ಕಾಯ್ದೆಯಲ್ಲಿರಲಿಲ್ಲ, ಹಾಗಾಗಿ ತಾರೆ ಬೇಕಾಯಿತು. ಈ ಕೊರತೆಯ ಹೊಣೆಯನ್ನು ಆ ತಾರೆಯ ಮೇಲೆ ಹೊರಿಸುವುದು ಸರಿಯಲ್ಲ.

ಅವರ ಬೇಡಿಕೆ ತಾರೆಯ ಹಂಗು ತಪ್ಪಿಸುವ ದಿಕ್ಕಿನಲ್ಲೇ ಇತ್ತು ಎಂಬುದು ಹೆಚ್ಚು ಗಮನಿಸಬೇಕಾದ್ದು. 2020ರ ಸೆಪ್ಟೆಂಬರ್‌ನಲ್ಲಿ ಸೂಪರ್‌ಮಾರ್ಕೆಟ್‌ಗಳನ್ನೂ ಸಂಸ್ಥೆಗಳನ್ನೂ ಸೇರಿಸಿ ಕಾರ್ಯಪಡೆ ಕಟ್ಟಿದಾಗ ರಾಷ್‌ಫೋರ್ಡ್ ಹೊಸ ಯೋಜನೆಯನ್ನೇನೂ ಕಲ್ಪಿಸಲಿಲ್ಲ. ಹೆನ್ರಿ ಡಿಂಬಲ್‌ಬಿ ನೇತೃತ್ವದ ರಾಷ್ಟ್ರೀಯ ಆಹಾರ ನೀತಿ ವರದಿ ಆ ಜುಲೈನಲ್ಲಿ ಮಾಡಿದ್ದ ಮೂರು ಶಿಫಾರಸುಗಳನ್ನು ಎತ್ತಿಕೊಂಡರು. ಗರ್ಭಿಣಿಯರಿಗೂ ಎಳೆ ಮಕ್ಕಳಿಗೂ ಹಾಲು, ಹಣ್ಣು, ತರಕಾರಿಗೆ ಕೊಡುವ ವಾರದ ಕೂಪನ್ 3.10 ಪೌಂಡ್‌ನಿಂದ 4.25ಕ್ಕೆ ಏರಬೇಕು: 2021ರ ಏಪ್ರಿಲ್‌ನಲ್ಲಿ ಏರಿತು. ಉಚಿತ ಊಟ ಪಡೆಯುವ ಮಕ್ಕಳಿಗೆ ರಜೆಯಲ್ಲೂ ಊಟದ ಏರ್ಪಾಡು ದೇಶದ ಎಲ್ಲ ಕಡೆ ಆಗಬೇಕು: ಅದೇ ವರ್ಷ ಇಂಗ್ಲೆಂಡಿಗೆಲ್ಲ ವಿಸ್ತರಿಸಿತು. ಮೂರನೆಯದು ದೊಡ್ಡದು. ತೆರಿಗೆ ಕಳೆದು ವರ್ಷಕ್ಕೆ 7,400 ಪೌಂಡ್‌ಗಿಂತ ಹೆಚ್ಚು ಸಂಪಾದಿಸುವ ಮನೆಯ ಮಗುವಿಗೆ ಸಾಮಾನ್ಯವಾಗಿ ಉಚಿತ ಊಟವಿಲ್ಲ ಎಂಬ 2018ರ ಮಿತಿಯನ್ನು ತೆಗೆದು, ಯೂನಿವರ್ಸಲ್ ಕ್ರೆಡಿಟ್ ಪಡೆಯುವ ಎಲ್ಲ ಮನೆಗಳ ಮಕ್ಕಳಿಗೂ ಊಟ ಕೊಡಬೇಕು ಎಂಬುದು. ಕನ್ಸರ್ವೇಟಿವ್ ಸರ್ಕಾರಗಳು ಅದಕ್ಕೆ ಒಪ್ಪಲಿಲ್ಲ. ಸಂಘಟನೆಗಳು ಪಟ್ಟು ಬಿಡಲಿಲ್ಲ; ವೇಲ್ಸ್ ತನ್ನ ಪ್ರಾಥಮಿಕ ಶಾಲೆಗಳ ಎಲ್ಲ ಮಕ್ಕಳಿಗೂ ಊಟ ಕೊಡಲು ಹೊರಟಿತು, 2023ರಲ್ಲಿ ಲಂಡನ್ ಮೇಯರ್ ಕೂಡ ಅದೇ ದಾರಿ ಹಿಡಿದರು. ಕೊನೆಗೆ 2025ರ ಜೂನ್‌ನಲ್ಲಿ ಲೇಬರ್ ಸರ್ಕಾರ ಇಂಗ್ಲೆಂಡಿನಲ್ಲಿ ಆ ಆದಾಯ ಮಿತಿಯನ್ನು ತೆಗೆಯುವುದಾಗಿ, 2026ರ ಸೆಪ್ಟೆಂಬರ್‌ನಿಂದ ಇನ್ನೂ 5 ಲಕ್ಷಕ್ಕೂ ಹೆಚ್ಚು ಮಕ್ಕಳು ಉಚಿತ ಊಟಕ್ಕೆ ಅರ್ಹರಾಗುವುದಾಗಿ ಘೋಷಿಸಿತು. ಆ ಹೊತ್ತಿಗೆ ರಾಷ್‌ಫೋರ್ಡ್ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬೇಡವಾದ ಆಟಗಾರ. ಆಸ್ಟನ್ ವಿಲ್ಲಾದಲ್ಲಿ ಎರವಲು ಆಡಿ ಮುಗಿಸಿದ್ದರು, ಮರು ತಿಂಗಳು ಬಾರ್ಸಿಲೋನಾಕ್ಕೆ ಮತ್ತೆ ಎರವಲಾಗಿಯೇ ಹೋದರು.